ಎರಡು ನಾಡುಗಳ ಒಂದು ಊರು

ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಮುಳ್ಳುತಂತಿಯ ಬೇಲಿ, ಎತ್ತರದ ಕಾವಲು ಗೋಪುರ, ಬಂದೂಕು ಹಿಡಿದು ನಿಂತ ಯೋಧರು, ರಹದಾರಿ ಪತ್ರ ತೋರಿಸುವ ತನಕ ಮೇಲೇಳದ ಅಡ್ಡಗಂಬ. ದೇಶದೇಶಗಳನ್ನು ಬೇರ್ಪಡಿಸುವ ಗೆರೆಯು ಪರ್ವತದ ನೆತ್ತಿಯ ಮೇಲೋ, ನದಿಯ ನಡುವೆಯೋ, ಜನವಸತಿಯಿಲ್ಲದ ಬಯಲಿನಲ್ಲೋ ಹಾದುಹೋಗುವುದೆಂದು ನಾವು ಭಾವಿಸುತ್ತೇವೆ. ಆದರೆ ಯುರೋಪಿನ ಒಂದು ಪುಟ್ಟ ಊರಿನಲ್ಲಿ ಆ ಗೆರೆಯು ಮನೆಗಳ ಪಡಸಾಲೆಯೊಳಗೆ ನುಗ್ಗಿ ಅಡುಗೆಮನೆಯ ಮೂಲಕ ಹಿತ್ತಲಿಗೆ ಹೊರಟುಹೋಗುತ್ತದೆ. ಊಟದ ಮೇಜಿನ ಒಂದು ಬದಿಯಲ್ಲಿ ಕುಳಿತವರು ಒಂದು ದೇಶದಲ್ಲಿರುತ್ತಾರೆ. ಎದುರಿಗೆ ಕುಳಿತವರು ಇನ್ನೊಂದು ದೇಶದಲ್ಲಿರುತ್ತಾರೆ. ಬೆಳಿಗ್ಗೆ ಬ್ರೆಡ್ಡು ತರಲು ಹೊರಟ ಹುಡುಗನೊಬ್ಬ ಮನೆಗೆ ಮರಳುವಷ್ಟರಲ್ಲಿ ನಾಲ್ಕೈದು ಬಾರಿ ಪರದೇಶಪ್ರಯಾಣ ಮಾಡಿರುತ್ತಾನೆ!

ಆ ಊರಿನ ಹೆಸರು ಬಾರ್ಲೆ. ಯುರೋಪಿನ ವಾಯವ್ಯ ಭಾಗದಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಎಂಬ ಎರಡು ಚಿಕ್ಕ ದೇಶಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳ ಮುಖ್ಯ ಗಡಿಯನ್ನು ದಾಟಿ ನೆದರ್ಲೆಂಡ್ಸ್‌ನ ಕಡೆಗೆ ಸುಮಾರು ಐದು ಕಿಲೋಮೀಟರು ಹೋದರೆ ಬಾರ್ಲೆ ಸಿಗುತ್ತದೆ. ಸುತ್ತಲೂ ಮರಳುಮಿಶ್ರಿತ ಸಮತಟ್ಟು ನೆಲ, ಹಸುಗಳು ಮೇಯುವ ಹುಲ್ಲುಗಾವಲು, ಹೊಲಗಳು, ಅಲ್ಲಲ್ಲಿ ಮರಗಳ ಸಾಲು. ನೋಡುವ ಕಣ್ಣಿಗೆ ಊರು ಒಂದೇ. ಆದರೆ ಆಡಳಿತದ ಲೆಕ್ಕದಲ್ಲಿ ಅಲ್ಲಿ ಎರಡು ಪುರಸಭೆಗಳಿವೆ. ಬಾರ್ಲೆ-ಹೆರ್ಟೋಗ್ ಎಂಬುದು ಬೆಲ್ಜಿಯಂನ ಆಂಟ್‌ವರ್ಪ್ ಪ್ರಾಂತಕ್ಕೆ ಸೇರಿದ್ದು. ಬಾರ್ಲೆ-ನಸ್ಸೌ ಎಂಬುದು ನೆದರ್ಲೆಂಡ್ಸ್‌ನ ಉತ್ತರ ಬ್ರಬಾಂಟ್ ಪ್ರಾಂತಕ್ಕೆ ಸೇರಿದ್ದು. ಎರಡರ ಜನಸಂಖ್ಯೆಯೂ ಕೂಡಿದರೆ ಸುಮಾರು ಹತ್ತು ಸಾವಿರ. ಅದರಲ್ಲಿ ಬೆಲ್ಜಿಯಂನ ಪಾಲು ಮೂರು ಸಾವಿರದ ಆಸುಪಾಸು. ಎರಡು ಕಡೆಯವರ ಮಾತೂ ಡಚ್ ಭಾಷೆಯೇ. ಉಡುಗೆ ತೊಡುಗೆ, ಆಹಾರ, ಆಚಾರಗಳಲ್ಲಿಯೂ ಹೇಳಿಕೊಳ್ಳುವಂಥ ಭೇದವಿಲ್ಲ.

ಬಾರ್ಲೆಯ ಭೂಪಟವನ್ನು ಮೊದಲ ಬಾರಿ ನೋಡಿದವರಿಗೆ ಯಾರೋ ಮಸಿಯ ಕುಡಿಕೆಯನ್ನು ಕಾಗದದ ಮೇಲೆ ಕೊಡವಿದಂತೆ ತೋರುತ್ತದೆ. ಬಾರ್ಲೆ-ಹೆರ್ಟೋಗ್ ಪುರಸಭೆಯ ಒಟ್ಟು ವಿಸ್ತಾರ ಏಳೂವರೆ ಚದರ ಕಿಲೋಮೀಟರಿಗಿಂತಲೂ ತುಸು ಕಡಿಮೆ. ಅಷ್ಟೇ ನೆಲ 26 ತುಂಡುಗಳಾಗಿ ಹರಿದು ಹಂಚಿಹೋಗಿದೆ. ಅವುಗಳಲ್ಲಿ 22 ತುಂಡುಗಳ ನಾಲ್ಕು ದಿಕ್ಕಿಗೂ ನೆದರ್ಲೆಂಡ್ಸ್‌ನ ನೆಲವೇ ಇದೆ. ನೀರಿನ ನಡುವೆ ನಡುಗಡ್ಡೆ ಇರುವಂತೆ, ಒಂದು ದೇಶದ ನೆಲದ ನಡುವೆ ಮತ್ತೊಂದು ದೇಶದ ನೆಲ. ಇಂಥ ತುಂಡನ್ನು ಭೂಗೋಳಶಾಸ್ತ್ರಜ್ಞರು ಎನ್‌ಕ್ಲೇವ್ ಎಂದು ಕರೆಯುತ್ತಾರೆ. ಸೋಜಿಗವು ಇಲ್ಲಿಗೇ ಮುಗಿಯುವುದಿಲ್ಲ. ಬೆಲ್ಜಿಯಂನ ಈ ನಡುಗಡ್ಡೆಗಳ ಹೊಟ್ಟೆಯೊಳಗೆ ಮತ್ತೆ ನೆದರ್ಲೆಂಡ್ಸ್‌ಗೆ ಸೇರಿದ ಏಳು ತುಂಡುಗಳಿವೆ. ಬೆಲ್ಜಿಯಂನ ತುಂಡುಗಳಲ್ಲಿ ಅತ್ಯಂತ ಚಿಕ್ಕದರ ಅಳತೆ 2,632 ಚದರ ಮೀಟರು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 26 ಗುಂಟೆ. ಒಂದು ಎಕರೆಯೂ ಆಗಲಿಲ್ಲ.

ಇಂಥದೊಂದು ಗಡಿಯನ್ನು ಬುದ್ಧಿಯುಳ್ಳವರು ಯಾರಾದರೂ ಎಳೆದಾರೇ ಎಂದು ಕೇಳಬಹುದು. ನಿಜವಾಗಿ ನೋಡಿದರೆ, ಇದನ್ನು ಯಾರೂ ಗಡಿಯೆಂದು ಎಳೆಯಲಿಲ್ಲ. ಇದರ ಮೂಲ ಎಂಟುನೂರು ವರ್ಷಗಳ ಹಿಂದಿನ ಒಂದು ಜಹಗೀರಿನ ವ್ಯವಹಾರದಲ್ಲಿದೆ. 1198ರಲ್ಲಿ ಬ್ರಬಾಂಟಿನ ಡ್ಯೂಕನಾದ ಒಂದನೆಯ ಹೆನ್ರಿಯು ಬಾರ್ಲೆಯ ಸುತ್ತಣ ನೆಲವನ್ನು ಬ್ರೆಡಾದ ಪಾಳೆಯಗಾರನಿಗೆ ಜಹಗೀರಾಗಿ ಕೊಟ್ಟನು. ಆದರೆ ಎಲ್ಲವನ್ನೂ ಕೊಡಲಿಲ್ಲ. ಜನರು ಮನೆ ಕಟ್ಟಿಕೊಂಡು ಉಳುಮೆ ಮಾಡಿ ತನಗೆ ಕಂದಾಯ ಸಲ್ಲಿಸುತ್ತಿದ್ದ ಹೊಲಗಳನ್ನು ತನ್ನಲ್ಲಿಯೇ ಉಳಿಸಿಕೊಂಡು, ಬೀಳುಬಿದ್ದ ನೆಲವನ್ನು ದಾನ ಮಾಡಿದನು. ಮುಂದೆ ಬ್ರೆಡಾದ ಒಡೆತನ ನಸ್ಸೌ ಮನೆತನಕ್ಕೆ ಬಂದಿತು. ಡಚ್ ಭಾಷೆಯಲ್ಲಿ ಹೆರ್ಟೋಗ್ ಎಂದರೆ ಡ್ಯೂಕ್. ಹೀಗೆ ಡ್ಯೂಕನ ಬಾರ್ಲೆಯು ಬಾರ್ಲೆ-ಹೆರ್ಟೋಗ್ ಎಂದೂ, ನಸ್ಸೌ ಮನೆತನದ ಬಾರ್ಲೆಯು ಬಾರ್ಲೆ-ನಸ್ಸೌ ಎಂದೂ ಹೆಸರಾದವು. ಅಂದು ಅದು ಯಾವ ಹೊಲದ ಕಂದಾಯ ಯಾರಿಗೆ ಎಂಬ ಪ್ರಶ್ನೆ ಮಾತ್ರವಾಗಿತ್ತು. ಊರಿನ ಜನರ ಓಡಾಟಕ್ಕೆ ಅದರಿಂದ ಯಾವ ಅಡ್ಡಿಯೂ ಇರಲಿಲ್ಲ.

ಕಾಲ ಕಳೆದಂತೆ ಒಡೆಯರ ನಡುವಣ ಗೆರೆ ರಾಷ್ಟ್ರಗಳ ನಡುವಣ ಗೆರೆಯಾಯಿತು. ಸ್ಪೇನಿನ ದೊರೆಯ ವಿರುದ್ಧ ಡಚ್ಚರು ನಡೆಸಿದ ದೀರ್ಘ ಹೋರಾಟವು 1648ರಲ್ಲಿ ಮುಗಿದು ಅವರ ಗಣರಾಜ್ಯಕ್ಕೆ ಮನ್ನಣೆ ದೊರೆತಾಗ, ಬ್ರೆಡಾ ಅವರ ಪಾಲಿಗೆ ಬಂದಿತು. ಡ್ಯೂಕನ ಬಾರ್ಲೆಯಾದರೋ ಸ್ಪೇನಿನ ಅಧೀನದ ದಕ್ಷಿಣ ಭಾಗದಲ್ಲಿಯೇ ಉಳಿಯಿತು. 1815ರಲ್ಲಿ ಎರಡು ಭಾಗಗಳೂ ಒಬ್ಬನೇ ಅರಸನ ಕೆಳಗೆ ಒಂದಾದವು. ಆದರೆ ಆ ಒಕ್ಕೂಟ ಬಾಳಲಿಲ್ಲ. 1830ರಲ್ಲಿ ದಕ್ಷಿಣದವರು ದಂಗೆಯೆದ್ದು ಬೆಲ್ಜಿಯಂ ಎಂಬ ಸ್ವತಂತ್ರ ರಾಷ್ಟ್ರವನ್ನು ಕಟ್ಟಿದರು. ಆಗ ಎರಡು ದೇಶಗಳ ನಡುವೆ ಖಚಿತವಾದ ಗಡಿಯನ್ನು ಗುರುತಿಸಬೇಕಾಯಿತು.

ಮೋಜಣಿದಾರರು ಸಮುದ್ರದ ಕಡೆಗೂ ಜರ್ಮನಿಯ ಕಡೆಗೂ ಕ್ರಮವಾಗಿ ಗಡಿಕಲ್ಲುಗಳನ್ನು ನೆಟ್ಟರು. ಬಾರ್ಲೆಯ ಬಳಿಗೆ ಬಂದಾಗ ಅವರ ಕೈ ಸೋತಿತು. ಅಲ್ಲಿ ಒಂದು ಗೆರೆಯನ್ನು ಎಳೆಯುವುದು ಸಾಧ್ಯವೇ ಇರಲಿಲ್ಲ. ಕೊನೆಗೆ ನಮ್ಮ ಹಳ್ಳಿಗಳಲ್ಲಿ ಸರ್ವೆ ನಂಬರಿನ ಪ್ರಕಾರ ಹೊಲಗಳ ಪಟ್ಟಿ ಮಾಡುವಂತೆ, ಅವರು 5,732 ತಾಕುಗಳನ್ನು ಒಂದೊಂದಾಗಿ ಹೆಸರಿಸಿ, ಇದು ಬೆಲ್ಜಿಯಂನದು, ಇದು ನೆದರ್ಲೆಂಡ್ಸ್‌ನದು ಎಂದು ದಾಖಲೆಯಲ್ಲಿ ಬರೆದಿಟ್ಟರು. 1843ರ ಗಡಿ ಒಪ್ಪಂದವು ಈ ಪಟ್ಟಿಯನ್ನೇ ಒಪ್ಪಿಕೊಂಡಿತು. ಹೀಗೆ ಇಡೀ ಗಡಿಯಲ್ಲಿ ಬೇರೆಡೆ ಕಲ್ಲುಗಳು ಸಾಕ್ಷಿಯಾದರೆ, ಬಾರ್ಲೆಯಲ್ಲಿ ಕಾಗದವೇ ಸಾಕ್ಷಿಯಾಯಿತು.

ಕಾಗದದ ಸಾಕ್ಷಿಗೆ ತಗಾದೆಗಳೂ ತಪ್ಪಿದ್ದಲ್ಲ. ಎರಡು ತಾಕುಗಳ ವಿಷಯದಲ್ಲಿ ದಾಖಲೆಗಳು ಒಂದಕ್ಕೊಂದು ಹೊಂದಲಿಲ್ಲ. 1841ರಲ್ಲಿ ಎರಡು ಪುರಸಭೆಗಳು ಸೇರಿ ಸಿದ್ಧಪಡಿಸಿದ ಪತ್ರದಲ್ಲಿ ಅವು ಬಾರ್ಲೆ-ನಸ್ಸೌಗೆ ಸೇರಿದ್ದವು. 1843ರ ಒಪ್ಪಂದಕ್ಕೆ ಲಗತ್ತಿಸಿದ ಪತ್ರದಲ್ಲಿ ಅವನ್ನು ಬಾರ್ಲೆ-ಹೆರ್ಟೋಗ್‌ಗೆ ಸೇರಿಸಲಾಗಿತ್ತು. ಬರವಣಿಗೆಯಲ್ಲಿ ಪ್ರಮಾದವಾಗಿದೆ ಎಂದು ನೆದರ್ಲೆಂಡ್ಸ್ ವಾದಿಸಿತು. ಅಲ್ಲದೆ, ಆ ನೆಲದಲ್ಲಿ ಬಹುಕಾಲದಿಂದ ಅಧಿಕಾರ ನಡೆಸುತ್ತ ಬಂದವರು ತಾವೇ ಎಂದಿತು. ಒಪ್ಪಂದದಲ್ಲಿರುವುದೇ ಪ್ರಮಾಣ ಎಂದು ಬೆಲ್ಜಿಯಂ ಉತ್ತರಿಸಿತು. ಎರಡು ದೇಶಗಳೂ ಸೌಹಾರ್ದದಿಂದಲೇ ಕೂಡಿ ವ್ಯಾಜ್ಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿಟ್ಟವು. 1959ರ ಜೂನ್ 20ರಂದು ಹತ್ತು ನ್ಯಾಯಾಧೀಶರು ಬೆಲ್ಜಿಯಂನ ಪರವಾಗಿಯೂ ನಾಲ್ವರು ಅದಕ್ಕೆ ವಿರುದ್ಧವಾಗಿಯೂ ಅಭಿಪ್ರಾಯಪಟ್ಟು ತೀರ್ಪು ಹೊರಬಿತ್ತು. ಆ ನ್ಯಾಯಾಲಯ ಇರುವುದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿಯೇ. ತನ್ನ ನೆಲದಲ್ಲಿ ಕುಳಿತ ನ್ಯಾಯಪೀಠವು ತನಗೆ ವಿರುದ್ಧವಾಗಿ ಕೊಟ್ಟ ತೀರ್ಪಿಗೆ ಆ ದೇಶ ತಲೆಬಾಗಿತು. ಎರಡು ಹೊಲಗಳಿಗಾಗಿ ರಕ್ತ ಹರಿದ ಕಥೆಗಳು ಚರಿತ್ರೆಯಲ್ಲಿ ಹೇರಳವಾಗಿರುವಾಗ, ಈ ಚಿಕ್ಕ ಪ್ರಸಂಗ ನೆನಪಿನಲ್ಲಿಡತಕ್ಕದ್ದು. ಮುಂದೆಯೂ ಅಳತೆಯ ಕೆಲಸ ಸಾಗಿ, ಬಾರ್ಲೆಯ ಗಡಿ ಅಂತಿಮವಾಗಿ ಇತ್ಯರ್ಥವಾದದ್ದು 1995ರಲ್ಲಿ.

ಇಂದು ಬಾರ್ಲೆಯ ಬೀದಿಗಳಲ್ಲಿ ಗಡಿಯನ್ನು ಬಿಳಿಯ ಗುರುತುಗಳಿಂದ ತೋರಿಸಿದ್ದಾರೆ. ಕಾಲುದಾರಿಯ ಹಾಸುಕಲ್ಲಿನ ಮೇಲೆ ಬಿಳಿಯ ಶಿಲುಬೆಯಾಕಾರದ ಚಿಹ್ನೆಗಳು ಸಾಲಾಗಿ ಹೋಗುತ್ತವೆ. ಅವುಗಳ ಎರಡು ಪಕ್ಕಗಳಲ್ಲಿ ಎರಡು ದೇಶಗಳ ಹೆಸರಿನ ಮೊದಲಕ್ಷರಗಳಿವೆ. ಮನೆಯ ನಂಬರಿನ ಫಲಕವನ್ನು ನೋಡಿದರೆ ಅದು ಯಾವ ದೇಶದ ಮನೆಯೆಂಬುದು ತಿಳಿಯುತ್ತದೆ. ಹಾಗಾದರೆ ಗೆರೆಯು ಮನೆಯ ನಡುವೆಯೇ ಹಾದುಹೋದರೆ ಗತಿಯೇನು? ಅದಕ್ಕೆ ಊರವರು ಒಂದು ಸರಳವಾದ ನಿಯಮವನ್ನು ಕಂಡುಕೊಂಡಿದ್ದಾರೆ: ತಲೆಬಾಗಿಲು ಯಾವ ದೇಶದಲ್ಲಿದೆಯೋ ಮನೆಯೂ ಆ ದೇಶದ್ದು. ತೆರಿಗೆ ಅಲ್ಲಿಗೆ, ವಿಳಾಸವೂ ಅಲ್ಲಿಯದೇ. ಈ ನಿಯಮದ ಅನುಕೂಲವನ್ನು ಅರಿತು, ತಲೆಬಾಗಿಲನ್ನು ಕಿಟಕಿಯ ಜಾಗಕ್ಕೂ ಕಿಟಕಿಯನ್ನು ಬಾಗಿಲಿನ ಜಾಗಕ್ಕೂ ಬದಲಾಯಿಸಿ ದೇಶವನ್ನೇ ಬದಲಾಯಿಸಿಕೊಂಡವರೂ ಉಂಟು. ಒಂದು ಮನೆಯಲ್ಲಂತೂ ಗೆರೆಯು ತಲೆಬಾಗಿಲನ್ನೇ ಸೀಳಿಕೊಂಡು ಹೋಗಿದೆ. ಆ ಮನೆಗೆ ಎರಡು ದೇಶಗಳ ಎರಡು ನಂಬರುಗಳು!

ಕೇಳುವವರಿಗೆ ವಿನೋದವೆನಿಸಿದರೂ, ಬಾಳುವವರಿಗೆ ಇದು ತೊಡಕಿನ ವಿಷಯವೇ. ಎರಡು ದೇಶಗಳೆಂದರೆ ಎರಡು ಕಾನೂನು, ಎರಡು ತೆರಿಗೆ, ಎರಡು ಪೊಲೀಸು, ಇಬ್ಬರು ಪುರಾಧ್ಯಕ್ಷರು. ಎದುರುಮನೆಗೆ ಬರೆದ ಕಾಗದ ಪರದೇಶದ ಅಂಚೆಯಾಗುತ್ತದೆ. ಎರಡು ದೇಶಗಳಿಗೂ ಚಾಚಿಕೊಂಡ ಕಟ್ಟಡ ಕಟ್ಟುವವರು ಎರಡು ಕಚೇರಿಗಳ ಮೆಟ್ಟಿಲನ್ನೂ ಹತ್ತಬೇಕು. ಪಟಾಕಿ ಮಾರಾಟಕ್ಕೆ ನೆದರ್ಲೆಂಡ್ಸ್‌ನಲ್ಲಿ ಕಟ್ಟುನಿಟ್ಟು ಹೆಚ್ಚು. ಆದ್ದರಿಂದ ಪಟಾಕಿ ಅಂಗಡಿಗಳು ಬೆಲ್ಜಿಯಂನ ತುಂಡುಗಳಲ್ಲಿ ನೆಲೆನಿಂತವು. ಹಿಂದೆ ನೆದರ್ಲೆಂಡ್ಸ್‌ನ ಕಾನೂನಿನಂತೆ ಹೋಟೆಲು ಮುಚ್ಚುವ ಹೊತ್ತಾದಾಗ, ಊಟ ಮಾಡುತ್ತಿದ್ದವರು ತಮ್ಮ ತಟ್ಟೆಗಳನ್ನೆತ್ತಿಕೊಂಡು ಅದೇ ಹೋಟೆಲಿನ ಬೆಲ್ಜಿಯಂ ಬದಿಯ ಮೇಜಿಗೆ ಹೋಗಿ ಕೂರುತ್ತಿದ್ದರೆಂದು ಊರವರು ನಗುತ್ತ ಹೇಳುವುದುಂಟು.

ಆದರೆ ಇದೇ ಗೆರೆ ನಗುವನ್ನು ಮರೆಸಿದ ದಿನಗಳೂ ಇದ್ದವು. 1914ರ ಆಗಸ್ಟಿನಲ್ಲಿ ಜರ್ಮನಿಯ ಸೇನೆ ಬೆಲ್ಜಿಯಂನ ಮೇಲೆ ದಾಳಿ ಮಾಡಿ ಆ ದೇಶದ ಬಹುಭಾಗವನ್ನು ವಶಪಡಿಸಿಕೊಂಡಿತು. ನೆದರ್ಲೆಂಡ್ಸ್ ಆ ಯುದ್ಧದಲ್ಲಿ ತಟಸ್ಥವಾಗಿತ್ತು. ಬಾರ್ಲೆಯಲ್ಲಿದ್ದ ಬೆಲ್ಜಿಯಂನ ತುಂಡುಗಳನ್ನು ತಲುಪಬೇಕಾದರೆ ಜರ್ಮನ್ ಸೈನಿಕರು ತಟಸ್ಥ ದೇಶದ ನೆಲವನ್ನು ತುಳಿಯಬೇಕಾಗಿತ್ತು. ಅವರು ಹಾಗೆ ಮಾಡಲಿಲ್ಲ. ಇದರಿಂದಾಗಿ, ದೇಶವೆಲ್ಲ ಪರರ ಕೈಸೇರಿದ್ದಾಗಲೂ ಈ ತುಂಡುಗಳಲ್ಲಿ ಬೆಲ್ಜಿಯಂನ ಬಾವುಟ ಹಾರುತ್ತಲೇ ಇತ್ತು. 1915ರಲ್ಲಿ ಅಲ್ಲಿ ಒಂದು ನಿಸ್ತಂತು ಕೇಂದ್ರವನ್ನೂ ಸ್ಥಾಪಿಸಲಾಯಿತು. ಶತ್ರುವಿನ ಸಂದೇಶಗಳನ್ನು ಕದ್ದು ಕೇಳುವುದು ಅದರ ಕೆಲಸಗಳಲ್ಲೊಂದು. ತನ್ನ ತಟಸ್ಥ ನೀತಿಗೆ ಇದರಿಂದ ಭಂಗ ಬಂದೀತೆಂದು ಅಂಜಿದ ನೆದರ್ಲೆಂಡ್ಸ್ ಸರ್ಕಾರ, ಬೆಲ್ಜಿಯಂನ ಆ ನೆಲದ ಸುತ್ತ ಬೇಲಿ ಹಾಕಿಸಿತು. ಅದುವರೆಗೆ ಕಾಗದದಲ್ಲಿದ್ದ ಗಡಿ ಊರಿನ ನಡುವೆ ತಂತಿಯಾಗಿ ಎದ್ದು ನಿಂತಿತು.

ಅದೇ ವರ್ಷ ಜರ್ಮನರು ಎರಡು ದೇಶಗಳ ಮುಖ್ಯ ಗಡಿಯ ಉದ್ದಕ್ಕೂ ವಿದ್ಯುತ್ತಿನ ಬೇಲಿಯನ್ನು ನಿರ್ಮಿಸತೊಡಗಿದರು. ಅದರಲ್ಲಿ ಹರಿಯುತ್ತಿದ್ದುದು ಸುಮಾರು 2,000 ವೋಲ್ಟಿನ ವಿದ್ಯುತ್ತು. ಬೆಲ್ಜಿಯಂನಿಂದ ತಪ್ಪಿಸಿಕೊಂಡು ಹೋಗುವವರನ್ನು ತಡೆಯುವುದು ಅದರ ಉದ್ದೇಶ. ಹಳ್ಳಿಗಾಡಿನ ಜನರಲ್ಲಿ ಹಲವರು ಅದುವರೆಗೆ ವಿದ್ಯುತ್ತನ್ನೇ ಕಂಡವರಲ್ಲ. ತಂತಿಯನ್ನು ಮುಟ್ಟಿದರೆ ಸಾವು ಎಂಬುದನ್ನು ಅವರು ಕಣ್ಣಾರೆ ಕಂಡು ಕಲಿಯಬೇಕಾಯಿತು. ನೂರಾರು ಜನ ಆ ಬೇಲಿಗೆ ಬಲಿಯಾದರು. ಜನರು ಅದನ್ನು ಸಾವಿನ ತಂತಿ ಎಂದು ಕರೆದರು. ನಿನ್ನೆಯವರೆಗೆ ಬಂಧುಗಳ ಮನೆಗೆ ಹೋಗಿಬರುತ್ತಿದ್ದ ದಾರಿಯಲ್ಲಿ ಇಂದು ಮೃತ್ಯು ನಿಂತಿತ್ತು. ನೆಲ ಬದಲಾಗಿರಲಿಲ್ಲ, ಜನ ಬದಲಾಗಿರಲಿಲ್ಲ. ಬದಲಾದದ್ದು ಅಧಿಕಾರದಲ್ಲಿದ್ದವರ ಮನಸ್ಸು.

ಎರಡನೆಯ ಮಹಾಯುದ್ಧದಲ್ಲಿ, 1940ರ ಮೇ ತಿಂಗಳಲ್ಲಿ, ಜರ್ಮನಿ ಎರಡು ದೇಶಗಳನ್ನೂ ಆಕ್ರಮಿಸಿತು. ನೊಂದವರಿಗೆ ಒಟ್ಟಾಗಿ ಬಾಳುವ ಬುದ್ಧಿ ಬರುತ್ತದೆಂಬ ಮಾತು ಇಲ್ಲಿ ಸತ್ಯವಾಯಿತು. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಈ ಮೂರು ದೇಶಗಳು 1944ರಲ್ಲಿ, ಯುದ್ಧ ಮುಗಿಯುವ ಮೊದಲೇ, ಸುಂಕದ ಒಕ್ಕೂಟಕ್ಕೆ ಒಪ್ಪಿಗೆ ನೀಡಿದವು; 1948ರಲ್ಲಿ ಅದು ಜಾರಿಗೆ ಬಂದಿತು. ಆದರೂ ಬೆಲೆಗಳ ಅಂತರ ಒಮ್ಮೆಲೇ ಅಳಿಯಲಿಲ್ಲ. ಬೆಣ್ಣೆಗೆ ಬೆಲ್ಜಿಯಂನಲ್ಲಿ ಬೆಲೆ ಹೆಚ್ಚಾಗಿದ್ದ ವರ್ಷಗಳಲ್ಲಿ ನೆದರ್ಲೆಂಡ್ಸ್‌ನ ಬೆಣ್ಣೆ ರಾತ್ರಿಯ ಹೊತ್ತು ಗಡಿ ದಾಟುತ್ತಿತ್ತು. ಮುಂದೆ 1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ ಆರಂಭವಾದಾಗ ಸುಂಕದ ತಪಾಸಣೆ ನಿಂತಿತು. ಇಂದು ಬಾರ್ಲೆಯ ಬೀದಿಯಲ್ಲಿ ರಹದಾರಿ ಕೇಳುವವರಿಲ್ಲ.

ತಪಾಸಣೆ ನಿಂತಿತೆಂದ ಮಾತ್ರಕ್ಕೆ ಕೆಲಸವೆಲ್ಲ ತಾನಾಗಿ ನಡೆಯುವುದಿಲ್ಲ. ರಸ್ತೆಯನ್ನು ಅಗೆದರೆ ಎರಡು ದೇಶಗಳ ನೆಲವನ್ನು ಅಗೆದಂತೆ. ಬೆಂಕಿ ಬಿದ್ದರೆ ಅದು ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ಪುರಸಭೆಗಳು 1998ರಲ್ಲಿ ಒಂದು ಜಂಟಿ ಮಂಡಲಿಯನ್ನು ರಚಿಸಿಕೊಂಡು, ಎರಡು ಕಡೆಗೂ ಸಂಬಂಧಪಟ್ಟ ವಿಷಯಗಳನ್ನು ಕೂಡಿ ಕುಳಿತು ಚರ್ಚಿಸುವ ಪದ್ಧತಿಯನ್ನು ಗಟ್ಟಿಗೊಳಿಸಿದವು. ಗ್ರಂಥಾಲಯವನ್ನು ಎರಡು ಕಡೆಯವರೂ ಹಂಚಿಕೊಂಡಿದ್ದಾರೆ. ಎರಡು ಮನೆಗಳ ನಡುವಣ ಸಾಮಾನ್ಯ ಗೋಡೆಯನ್ನು ಇಬ್ಬರೂ ಕೂಡಿಯೇ ಸುಣ್ಣ ಬಳಿಯುವಂತೆ, ಬೇಸರಪಡದೆ, ಪ್ರತಿಯೊಂದು ಚಿಕ್ಕ ಕೆಲಸಕ್ಕೂ ಮಾತನಾಡಿ ಒಪ್ಪಂದಕ್ಕೆ ಬರುವುದು ಅಲ್ಲಿಯ ಆಡಳಿತದ ನಿತ್ಯಕರ್ಮ.

ಈ ಸಾಮರಸ್ಯಕ್ಕೆ 2020ರಲ್ಲಿ ಮತ್ತೊಂದು ಪರೀಕ್ಷೆ ಬಂದಿತು. ಕೋವಿಡ್ ಸಾಂಕ್ರಾಮಿಕದ ಆರಂಭದ ವಾರಗಳಲ್ಲಿ ಅಗತ್ಯ ವಸ್ತುಗಳದಲ್ಲದ ಅಂಗಡಿಗಳನ್ನು ಮುಚ್ಚುವಂತೆ ಬೆಲ್ಜಿಯಂ ಆಜ್ಞೆ ಮಾಡಿತು. ನೆದರ್ಲೆಂಡ್ಸ್ ಅಷ್ಟು ಬಿಗಿಯಾದ ಕಟ್ಟಳೆಯನ್ನು ವಿಧಿಸಲಿಲ್ಲ. ಬಾರ್ಲೆಯ ಒಂದು ಬಟ್ಟೆಯಂಗಡಿ ಗಡಿಯ ಮೇಲೆಯೇ ಇತ್ತು. ಅದರ ನೆದರ್ಲೆಂಡ್ಸ್ ಭಾಗದಲ್ಲಿ ವ್ಯಾಪಾರ ನಡೆಯಿತು; ಬೆಲ್ಜಿಯಂ ಭಾಗಕ್ಕೆ ಅಡ್ಡಪಟ್ಟಿ ಕಟ್ಟಲಾಯಿತು. ಒಂದೇ ಸೂರಿನ ಕೆಳಗೆ ಅರ್ಧ ಅಂಗಡಿ ತೆರೆದಿತ್ತು, ಅರ್ಧ ಮುಚ್ಚಿತ್ತು. ಸಂಕಟದ ಕಾಲದಲ್ಲಿ ಹಳೆಯ ಗೆರೆಗಳು ಎಷ್ಟು ಬೇಗ ಮೇಲೆದ್ದು ಬರುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಇಷ್ಟೆಲ್ಲ ತೊಡಕಿರುವಾಗ, ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಂಡು ಗಡಿಯನ್ನು ನೇರಗೊಳಿಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಹಾಗೆ ಮಾಡುವುದು ಈ ಎರಡು ದೇಶಗಳಿಗೆ ಹೊಸದೇನೂ ಅಲ್ಲ. ಮಾಸ್ ನದಿಯ ಪಾತ್ರವನ್ನು ನೇರಗೊಳಿಸಿದ್ದರಿಂದ ಕೆಲವು ನೆಲದ ತುಂಡುಗಳು ಹೊಳೆಯ ಆಚೆಬದಿಗೆ ಉಳಿದುಹೋಗಿದ್ದವು. 2018ರ ಜನವರಿ 1ರಿಂದ ಬೆಲ್ಜಿಯಂ ಸುಮಾರು 16 ಹೆಕ್ಟೇರುಗಳನ್ನು ಬಿಟ್ಟುಕೊಟ್ಟು ಸುಮಾರು 3 ಹೆಕ್ಟೇರುಗಳನ್ನು ಪಡೆಯಿತು. ತನಗೆ ಬಂದದ್ದು ಕಡಿಮೆಯೆಂದು ಅದು ಜಗಳಕ್ಕೆ ನಿಲ್ಲಲಿಲ್ಲ. ಆದರೆ ಮಾಸ್ ನದಿಯ ಆ ತುಂಡುಗಳಲ್ಲಿ ಮನೆಮಠಗಳಿರಲಿಲ್ಲ. ಬಾರ್ಲೆಯಲ್ಲಾದರೋ ಹಲವು ತುಂಡುಗಳಲ್ಲಿ ಜನರ ಬದುಕು ಬೇರುಬಿಟ್ಟಿದೆ. ಅಲ್ಲದೆ, ಗಡಿಯ ಈ ವೈಚಿತ್ರ್ಯವನ್ನು ನೋಡಲು ಬರುವ ಪ್ರವಾಸಿಗರಿಂದ ಊರಿನ ಅಂಗಡಿಗಳಿಗೂ ಹೋಟೆಲುಗಳಿಗೂ ವ್ಯಾಪಾರ ದೊರೆಯುತ್ತದೆ. ಗೆರೆಯು ಈಗ ಅವರಿಗೆ ಹೊರೆಯಾಗಿಲ್ಲ. ಅದು ಊರಿನ ಗುರುತಾಗಿದೆ.

ಎಲ್ಲ ಕಡೆಯೂ ಹೀಗೆಯೇ ಆಗಬೇಕೆಂದಿಲ್ಲ. ಭಾರತಕ್ಕೂ ಬಾಂಗ್ಲಾದೇಶಕ್ಕೂ ನಡುವೆ, ಕೂಚ್ ಬಿಹಾರದ ಸೀಮೆಯಲ್ಲಿ, ಬಾರ್ಲೆಯನ್ನೂ ಮೀರಿಸಿದ ಜಟಿಲತೆ ಇತ್ತು. ಕೂಚ್ ಬಿಹಾರದ ಅರಸರಿಗೂ ಮೊಗಲರಿಗೂ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆದ ಒಪ್ಪಂದದ ಫಲವಾಗಿ ಹಂಚಿಹೋದ ಹಳ್ಳಿಗಳು, ದೇಶ ವಿಭಜನೆಯಾದ ಬಳಿಕ ಪರದೇಶದ ನಡುಗಡ್ಡೆಗಳಾದವು. ಭಾರತದ 111 ತುಂಡುಗಳು ಬಾಂಗ್ಲಾದೇಶದೊಳಗೆ, ಬಾಂಗ್ಲಾದೇಶದ 51 ತುಂಡುಗಳು ಭಾರತದೊಳಗೆ ಸಿಕ್ಕಿಕೊಂಡಿದ್ದವು. ಅಲ್ಲಿ ನೆಲೆಸಿದ್ದವರು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ. ಅವರಿಗೆ ಬಾರ್ಲೆಯವರ ಭಾಗ್ಯವಿರಲಿಲ್ಲ. ತಮ್ಮ ಸರ್ಕಾರ ಅವರನ್ನು ತಲುಪಲಾರದು. ಸುತ್ತಲಿನ ಸರ್ಕಾರಕ್ಕೆ ಅವರು ಪರಕೀಯರು. ಶಾಲೆ, ಆಸ್ಪತ್ರೆ, ವಿದ್ಯುತ್ತು, ಗುರುತಿನ ಚೀಟಿ ಇವು ಯಾವುವೂ ಇಲ್ಲದೆ ಎರಡು ತಲೆಮಾರುಗಳು ಕಳೆದವು. 1974ರಲ್ಲಿಯೇ ಎರಡು ದೇಶಗಳ ನಡುವೆ ಒಪ್ಪಂದವಾಗಿದ್ದರೂ, ತುಂಡುಗಳ ವಿನಿಮಯ ನಡೆದದ್ದು 2015ರ ಜುಲೈ 31ರ ನಡುರಾತ್ರಿಯಲ್ಲಿ. ಆ ನೆಲದಲ್ಲಿ ನೆಲೆಸಿದ್ದವರಿಗೆ ತಮಗೆ ಬೇಕಾದ ದೇಶದ ಪೌರತ್ವವನ್ನು ಆರಿಸಿಕೊಳ್ಳುವ ಅವಕಾಶ ದೊರೆಯಿತು. ಅಲ್ಲಿ ಗೆರೆಯನ್ನು ಅಳಿಸುವುದೇ ನ್ಯಾಯವಾಗಿತ್ತು.

ಬಾರ್ಲೆಯಲ್ಲಿ ಗೆರೆ ಉಳಿಯಿತು, ಕೂಚ್ ಬಿಹಾರದಲ್ಲಿ ಅಳಿಯಿತು. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಗೆರೆಯ ಬಳಿ ವಾಸಿಸುವ ಮನುಷ್ಯನಿಗೆ ಅದರಿಂದ ಏನಾಯಿತು? ಡ್ಯೂಕನೊಬ್ಬ ತನ್ನ ಕಂದಾಯದ ಆಸೆಯಿಂದ ಬಿಟ್ಟುಹೋದ ಹರಕುಮುರುಕು ಗಡಿ 1915ರಲ್ಲಿ ಬೇಲಿಯಾಯಿತು. ಇಂದು ಅದು ಹಾಸುಕಲ್ಲಿನ ಮೇಲಿನ ಬಿಳಿಯ ಗುರುತು. ಆ ಬೇಲಿಯನ್ನು ಹಾಕಿದವರೂ ಮನುಷ್ಯರೇ, ತೆಗೆದವರೂ ಮನುಷ್ಯರೇ. ಬಾರ್ಲೆಯ ಜನ ಆ ಬಿಳಿಯ ಗುರುತುಗಳನ್ನು ದಿನವೂ ತುಳಿದುಕೊಂಡು ಪೇಟೆಗೆ ಹೋಗುತ್ತಾರೆ, ನೆರೆಯವರ ಮನೆಗೆ ಹೋಗುತ್ತಾರೆ, ಮರಳಿ ತಮ್ಮ ಮನೆಗೆ ಬರುತ್ತಾರೆ. ಅವರ ತಲೆಬಾಗಿಲು ಒಂದು ದೇಶದಲ್ಲಿರಬಹುದು, ಹಿತ್ತಲ ಬಾಗಿಲು ಮತ್ತೊಂದು ದೇಶದಲ್ಲಿರಬಹುದು. ಎರಡು ಬಾಗಿಲುಗಳೂ ತೆರೆದಿವೆ.